ಚಿಹ್ನೆ ಕಾಣುತ್ತದೆ, ಡೆಸ್ಕ್‌ಟಾಪ್ ತೆರೆಯುವುದಿಲ್ಲ: ಏಕೆ?

ಪ್ರಶ್ನೆ: ನಮ್ಮ ಪತ್ತಿನ ಸಹಕಾರಿ ಸಂಘದ ಸರ್ವರ್‌ಗಳೆಲ್ಲ ಬೆಳಗಾವಿಯ ಪ್ರಧಾನ ಕಚೇರಿಯಲ್ಲಿವೆ. ಬಾಗಲಕೋಟೆ ಶಾಖೆಯ ಮೇಜುಗಳ ಮೇಲಿರುವುದು ಥಿನ್ ಕ್ಲೈಂಟ್ ಎಂಬ ಸಣ್ಣ ಪೆಟ್ಟಿಗೆ, ಮಾನಿಟರ್ ಮತ್ತು ಕೀಬೋರ್ಡ್ ಮಾತ್ರ. ಕಳೆದ ತಿಂಗಳು ಒಂದು ದಿನ ಪಾಸ್‌ವರ್ಡ್ ಸ್ವೀಕೃತವಾಗಿ, ಡೆಸ್ಕ್‌ಟಾಪಿನ ಚಿಹ್ನೆಯೂ ಕಾಣಿಸಿತು. ಒತ್ತಿದರೆ ಮಾತ್ರ ‘ತೆರೆಯಲಾಗದು’ ಎಂಬ ಸಂದೇಶ ಬಂತು. ಅದೇ ಹೊತ್ತಿನಲ್ಲಿ, ಮೊದಲೇ ಲಾಗಿನ್ ಆಗಿದ್ದ ನಮ್ಮ ಕ್ಯಾಷಿಯರ್ ನಿರಾತಂಕವಾಗಿ ಕೆಲಸ ಮಾಡುತ್ತಿದ್ದರು. ಒಂದೇ ವ್ಯವಸ್ಥೆ ಅರ್ಧ ಕೆಟ್ಟು ಅರ್ಧ ನಡೆಯುವುದು ಹೇಗೆ?
(ಓದುಗರು, ಬಾಗಲಕೋಟೆ)

ಉತ್ತರ: ನೀವು ಗಮನಿಸಿರುವ ಈ ವ್ಯತ್ಯಾಸದಲ್ಲೇ ಉತ್ತರದ ಬಹುಭಾಗ ಅಡಗಿದೆ. ನಿಮ್ಮಲ್ಲಿರುವಂತೆ ಡೆಸ್ಕ್‌ಟಾಪ್ ದೂರದ ಸರ್ವರ್‌ನಲ್ಲಿ ನಡೆದು ಪರದೆ ಮಾತ್ರ ಮುಂದಿರುವ ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲಿ ದಾರಿಗಳು ಎರಡು. ನಿಮಗೊಂದು ಡೆಸ್ಕ್‌ಟಾಪನ್ನು ಗೊತ್ತುಮಾಡಿಕೊಡುವುದು ಒಂದು ದಾರಿ. ಗೊತ್ತಾದ ಮೇಲೆ ಅದರ ಪರದೆಯ ಚಿತ್ರವನ್ನು ನಿಮ್ಮತ್ತ ತಂದು, ನಿಮ್ಮ ಕೀಬೋರ್ಡ್ ಮತ್ತು ಮೌಸ್‌ನ ಚಲನೆಯನ್ನು ಅತ್ತ ಒಯ್ಯುವುದು ಇನ್ನೊಂದು. ಮುಂದೆ, ಇಂಥ ವ್ಯವಸ್ಥೆ ಒದಗಿಸುವ ಸಿಟ್ರಿಕ್ಸ್‌ನ ಹೆಸರುಗಳನ್ನು ಬಳಸುತ್ತೇನೆ. ಹೊರೈಜನ್ ಅಥವಾ ಮೈಕ್ರೋಸಾಫ್ಟ್‌ನ ವ್ಯವಸ್ಥೆಯಲ್ಲಿ ಹೆಸರುಗಳು ಬೇರೆಯಾದರೂ ಪಾತ್ರಗಳು ಹೆಚ್ಚುಕಡಿಮೆ ಇವೇ.

ನೀವು ಪಾಸ್‌ವರ್ಡ್ ಕೊಟ್ಟಾಗ ಮೊದಲು ಎದುರಾಗುವುದು ಸ್ಟೋರ್‌ಫ್ರಂಟ್ ಎಂಬ ಲಾಗಿನ್ ಸರ್ವರ್. ಅದು ಸಂಸ್ಥೆಯ ಬಳಕೆದಾರರ ಮತ್ತು ಯಂತ್ರಗಳ ದಾಖಲೆಯಾದ ಆಕ್ಟಿವ್ ಡೈರೆಕ್ಟರಿಯ ಮೂಲಕ ನಿಮ್ಮ ಗುರುತನ್ನು ಖಚಿತಪಡಿಸಿಕೊಂಡು, ಈ ಬಳಕೆದಾರರಿಗೆ ಏನೇನು ಮಂಜೂರಾಗಿದೆಯೆಂದು ಡೆಲಿವರಿ ಕಂಟ್ರೋಲರ್ ಎಂಬ ಸರ್ವರನ್ನು ಕೇಳುತ್ತದೆ. ಕಂಟ್ರೋಲರ್ ತನ್ನ ಡೇಟಾಬೇಸ್ ನೋಡಿ ಪಟ್ಟಿ ಕೊಡುತ್ತದೆ. ಆ ಪಟ್ಟಿಯೇ ನಿಮಗೆ ಕಾಣುವ ಚಿಹ್ನೆ. ಇಷ್ಟರವರೆಗೆ ನೀವು ಕೆಲಸ ಮಾಡಬೇಕಾದ ವರ್ಚುವಲ್ ಯಂತ್ರವನ್ನು (ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರನ್ನು) ಯಾರೂ ಮಾತಾಡಿಸಿಯೇ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಚಿಹ್ನೆ ಕಂಡಿತೆಂದರೆ ಹಕ್ಕು ಇದೆಯೆಂದು ಮಾತ್ರ ಅರ್ಥ, ಯಂತ್ರ ಸಿದ್ಧವಿದೆಯೆಂದಲ್ಲ.

ಚಿಹ್ನೆಯನ್ನು ಒತ್ತಿದಾಗ ನಿಜವಾದ ಹುಡುಕಾಟ ಆರಂಭವಾಗುತ್ತದೆ. ಕಂಟ್ರೋಲರ್ ತನ್ನಲ್ಲಿ ನೋಂದಣಿಯಾಗಿರುವ ಯಂತ್ರಗಳಲ್ಲಿ ಖಾಲಿಯಿರುವ ಒಂದನ್ನು ಆರಿಸುತ್ತದೆ. ಅಂಥದ್ದು ಸಿಗದಿದ್ದರೆ, ಆಫ್ ಆಗಿರುವ ಒಂದನ್ನು ಚಾಲೂ ಮಾಡುವಂತೆ, ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ಎಂಬ ತಂತ್ರಾಂಶಕ್ಕೆ ತಿಳಿಸುತ್ತದೆ. ಆ ಯಂತ್ರದೊಳಗೆ ವಿಡಿಎ ಎಂಬ ಏಜೆಂಟ್ ತಂತ್ರಾಂಶವಿರುತ್ತದೆ. ಇಂಥವರು ಬರುತ್ತಿದ್ದಾರೆ, ಸಿದ್ಧವಾಗಿರು ಎಂದು ಕಂಟ್ರೋಲರ್ ಅದಕ್ಕೆ ಹೇಳಿ, ಒಪ್ಪಿಗೆ ಬಂದ ಮೇಲೆ ಯಂತ್ರದ ವಿಳಾಸವನ್ನು ಸ್ಟೋರ್‌ಫ್ರಂಟ್‌ಗೆ ಕೊಡುತ್ತದೆ. ಸ್ಟೋರ್‌ಫ್ರಂಟ್ ಆ ವಿಳಾಸವನ್ನು ಐಸಿಎ ಎಂಬ ಪುಟ್ಟ ಕಡತದಲ್ಲಿರಿಸಿ ನಿಮ್ಮ ಥಿನ್ ಕ್ಲೈಂಟ್‌ಗೆ ಕಳುಹಿಸುತ್ತದೆ. ಅಲ್ಲಿಂದ ಮುಂದೆ ಥಿನ್ ಕ್ಲೈಂಟ್ ಆ ಯಂತ್ರದ 1494 ಅಥವಾ 2598ನೆಯ ಪೋರ್ಟ್‌ಗೆ (ಸಂಪರ್ಕದ ಬಾಗಿಲಿಗೆ) ನೇರವಾಗಿ ಸಂಪರ್ಕ ಹೊಂದುತ್ತದೆ.

ಕಂಟ್ರೋಲರ್‌ನ ಈ ಕೆಲಸಕ್ಕೆ ಬ್ರೋಕರ್ ಎಂಬ ಹೆಸರೂ ಇದೆ, ಮತ್ತು ಅದು ಸರಿಯಾದ ಹೆಸರು. ನಿಮ್ಮ ನವನಗರದಲ್ಲಿ ಬಾಡಿಗೆ ಮನೆ ಹುಡುಕಿಕೊಡುವ ದಲಾಲರು ಯಾವ ಮನೆ ಖಾಲಿಯಿದೆಯೆಂದು ತಿಳಿದು, ಮಾಲೀಕರಿಗೆ ಹೇಳಿ, ನಿಮಗೆ ವಿಳಾಸ ಕೊಡುತ್ತಾರೆ. ಮನೆ ಸೇರಿದ ಮೇಲೆ ಅವರು ಕಚೇರಿಗೆ ಬೀಗ ಹಾಕಿಕೊಂಡು ಹೋದರೂ ನಿಮ್ಮ ವಾಸಕ್ಕೆ ತೊಂದರೆಯಿಲ್ಲ. ನಿಮ್ಮ ಕ್ಯಾಷಿಯರ್ ಆಗಲೇ ಮನೆ ಸೇರಿದ್ದರು, ಉಳಿದವರು ಇನ್ನೂ ದಲಾಲರ ಬಾಗಿಲಲ್ಲಿದ್ದರು.

ಹಾಗಾದರೆ ಕೆಟ್ಟದ್ದು ಏನು? ನೀವು ವಿವರಿಸಿರುವ ಲಕ್ಷಣಕ್ಕೆ ನಾನು ಮೊದಲು ಸಂಶಯಪಡುವುದು ಏಜೆಂಟ್‌ನ ನೋಂದಣಿಯನ್ನು. ಪ್ರತಿಯೊಂದು ವರ್ಚುವಲ್ ಯಂತ್ರವೂ ಚಾಲೂ ಆದೊಡನೆ ತಾನಾಗಿಯೇ ಕಂಟ್ರೋಲರನ್ನು ಹುಡುಕಿ ತನ್ನ ಹಾಜರಿ ಹಾಕಬೇಕು. ಹುಡುಕಲು, ಹೆಸರಿನಿಂದ ವಿಳಾಸ ತಿಳಿಸುವ ಡಿಎನ್‌ಎಸ್ ಸರಿಯಿರಬೇಕು. ಪರಸ್ಪರ ನಂಬಲು ಆಕ್ಟಿವ್ ಡೈರೆಕ್ಟರಿಯ ಕರ್ಬೆರೋಸ್ ಪದ್ಧತಿ ಒಪ್ಪಬೇಕು. ಈ ಪದ್ಧತಿಗೆ ಗಡಿಯಾರ ಬಹಳ ಮುಖ್ಯ: ಎರಡು ಯಂತ್ರಗಳ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಸಾಮಾನ್ಯ ಹೊಂದಾಣಿಕೆಯಲ್ಲಿ ಅದು ಗುರುತನ್ನು ತಿರಸ್ಕರಿಸುತ್ತದೆ. ವಿದ್ಯುತ್ ಹೋಗಿ ಬಂದ ಮೇಲೆ ಭೌತಿಕ ಸರ್ವರ್‌ನ ಗಡಿಯಾರ ತಪ್ಪಿದ್ದು, ಅದರ ಮೇಲಿನ ವರ್ಚುವಲ್ ಯಂತ್ರಗಳು ಅದೇ ತಪ್ಪು ಸಮಯವನ್ನು ತೆಗೆದುಕೊಂಡರೆ, ಯಂತ್ರಗಳು ಚಾಲೂ ಇರುತ್ತವೆ, ‘ಇದ್ದೀಯಾ’ ಎಂದು ನೆಟ್‌ವರ್ಕ್‌ನಲ್ಲಿ ಕೇಳುವ ಪಿಂಗ್‌ಗೂ ಉತ್ತರಿಸುತ್ತವೆ. ಆದರೆ ಕಂಟ್ರೋಲರ್‌ನ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ. ಯಂತ್ರವನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ (ಹಿಂದೊಮ್ಮೆ ಉಳಿಸಿಟ್ಟ ಸ್ಥಿತಿಗೆ) ಮರಳಿಸಿದಾಗಲೂ ಡೊಮೇನ್‌ನೊಡನೆ, ಅಂದರೆ ಆಕ್ಟಿವ್ ಡೈರೆಕ್ಟರಿಯ ವ್ಯಾಪ್ತಿಯೊಡನೆ, ಅದಕ್ಕಿರುವ ಗುಪ್ತಪದ ಹೊಂದದೆ ಇದೇ ಗತಿಯಾಗಬಹುದು. ನೋಂದಣಿ ತಪ್ಪಿದ ಮಾತ್ರಕ್ಕೆ ಆಗಲೇ ನಡೆಯುತ್ತಿರುವ ಸೆಷನ್ ಮುರಿಯುವುದಿಲ್ಲ, ಹೊಸಬರಿಗಷ್ಟೇ ಬಾಗಿಲು ಮುಚ್ಚುತ್ತದೆ.

ಮನೆಯಿಂದ ಇಂಟರ್‌ನೆಟ್ ಮೂಲಕ ಬರುವವರ ವಿಷಯ ಸ್ವಲ್ಪ ಬೇರೆ. ಅವರಿಗೆ ಯಂತ್ರದ ನಿಜವಾದ ವಿಳಾಸದ ಬದಲು ಅಲ್ಪಾಯುಷಿಯಾದ ಒಂದು ಟಿಕೆಟ್ ಸಿಗುತ್ತದೆ. ಹೊರಗಿನವರನ್ನು ಒಳಗೆ ಬಿಡುವ ಗೇಟ್‌ವೇ ಎಂಬ ಸರ್ವರ್ ಅದನ್ನು ಪರಿಶೀಲಿಸಿ ಒಳಬಿಡುತ್ತದೆ ಮತ್ತು ದಲಾಲರಂತೆ ಹಿಂದೆ ಸರಿಯದೆ ಸೆಷನ್ ಮುಗಿಯುವವರೆಗೂ ನಡುವೆಯೇ ಇರುತ್ತದೆ. ಆದ್ದರಿಂದ ಗೇಟ್‌ವೇ ಕೆಟ್ಟರೆ ಒಳಗಿದ್ದವರ ಕೆಲಸವೂ ನಿಲ್ಲುತ್ತದೆ.

ಮುಂದೊಮ್ಮೆ ಹೀಗಾದರೆ ಬೆಳಗಾವಿಗೆ ಕರೆ ಮಾಡಿ ‘ಸಿಸ್ಟಮ್ ಬಂದಾಗಿದೆ’ ಎಂದಷ್ಟೇ ಹೇಳಬೇಡಿ. ಪಾಸ್‌ವರ್ಡ್ ಸ್ವೀಕೃತವಾಯಿತು, ಚಿಹ್ನೆ ಕಂಡಿತು, ಇಷ್ಟು ಗಂಟೆಗೆ ಒತ್ತಿದಾಗ ತೆರೆಯಲಿಲ್ಲ, ಮೊದಲಿದ್ದವರ ಕೆಲಸ ನಡೆಯುತ್ತಿದೆ ಎಂದು ತಿಳಿಸಿ, ಯಂತ್ರಗಳು ನೋಂದಣಿಯಾಗಿವೆಯೇ, ಅವುಗಳ ಗಡಿಯಾರ ಸರಿಯಿದೆಯೇ ಎಂದು ಮೊದಲು ನೋಡಲು ಕೇಳಿ.