ನೆರಳು ಕಪ್ಪಲ್ಲ ಕಣ್ರೀ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೇನೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಪ್ರಾಕಾರವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ಪೋಸ್ಟರ್ ಕಲರ್‌ನಲ್ಲಿ ಬರೆದೆ. ಬಿಸಿಲಿನ ಭಾಗ ಚೆನ್ನಾಗಿ ಬಂದಿದೆ. ನೆರಳಿನ ಭಾಗ ಮಾತ್ರ ಮಸಿ ಮೆತ್ತಿದ ಹಾಗಿದೆ. ಟ್ಯಾಬ್‌ನಲ್ಲಿ ಬರೆದರೂ ಅದೇ ಕಥೆ. ಚಿತ್ರ ಕಳಿಸಿದ್ದೇನೆ, ಏನು ತಪ್ಪು ಹೇಳಿ ಸರ್.

ಚಿತ್ರ ನೋಡಿದೆ ಕಣಮ್ಮ. ಕಂಬಗಳ ಅಳತೆ ಚೆನ್ನಾಗಿ ಕೂತಿದೆ. ಆದರೆ ನೆರಳು ಬಂದ ಕಡೆಯೆಲ್ಲ ಕರಿ ಬಣ್ಣದ ಶೀಶೆಗೆ ಬ್ರಷ್ ಅದ್ದಿದ್ದೀರಿ, ಅಲ್ವಾ? ನಾನೂ ಅದೇ ಮಾಡಿ ಬೈಸಿಕೊಂಡವನು. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ಕಾಲ. ಒಂದು ಸೀರೆ ಅಂಗಡಿಯ ಹಳದಿ ಅಕ್ಷರಗಳಿಗೆ ಶೇಡ್ ಕೊಡಬೇಕಿತ್ತು. ಅದೇ ಹಳದಿಗೆ ಒಂಚೂರು ಕರಿ ಬೆರೆಸಿದರೆ ಮುಗೀತು ಅಂದುಕೊಂಡೆ. ಬೆರೆಸಿದರೆ ಪಾಚಿ ಹಸಿರು! ಒಣಗಿದ ಮೇಲೆ ಸರಿಹೋಗುತ್ತದೆ ಅಂತ ಸುಮ್ನೆ ಮೂರು ಅಕ್ಷರ ಬರೆದೂಬಿಟ್ಟೆ. ಗುರುಗಳು ಬಂದು ನೋಡಿದರು, ಬೈದರು, ಸೀಮೆಎಣ್ಣೆ ಬಟ್ಟೆಯಲ್ಲಿ ಅಷ್ಟನ್ನೂ ಒರೆಸಿ ಹಳದಿಗೆ ಇಟ್ಟಿಗೆ ಕೆಂಪು ಬೆರೆಸಿಕೊಟ್ಟರು.

ನಂಬಿಕೆ ಬರದಿದ್ದರೆ ಒಂದು ಚೆಂಡು ಹೂವು ತಗೊಂಡು ಎಸಳುಗಳ ಸಂದಿಗೆ ಕಣ್ಣು ಹಾಕಿ. ಒಳಗೆ ಹೋದಷ್ಟೂ ಹಳದಿ ಕೇಸರಿಯಾಗುತ್ತದೆ, ಆಮೇಲೆ ಕೆಂಗಂದು. ಒಂದು ಎಸಳಿನಿಂದ ಚಿಮ್ಮಿದ ಬೆಳಕು ಪಕ್ಕದ ಎಸಳಿಗೆ ಬಡಿದು ಮತ್ತೆ ಚಿಮ್ಮುತ್ತದೆ. ಪ್ರತಿ ಸಲ ಬಣ್ಣ ಇನ್ನಷ್ಟು ಗಾಢ. ಕಪ್ಪಾಗುವುದು ಆಮೇಲಿನ ಮಾತು.

ಈಗ ನಿಮ್ಮ ಕಂಬಗಳಿಗೆ ಬರೋಣ. ಕಂಬದ ನೆರಳಿಗೆ ಬಿಸಿಲು ಇಲ್ಲ, ನಿಜ. ಆದರೆ ತಲೆ ಮೇಲೆ ಆಕಾಶ ಇದೆಯಲ್ಲ! ನೆಲದ ಮೇಲೆ ಬಿದ್ದ ನೆರಳಿಗೆ ಬೆಳಕು ಕೊಡುತ್ತಿರುವುದು ಅದೇ ನೀಲಿ ಆಕಾಶ, ಅದಕ್ಕೇ ಮೋಡವಿಲ್ಲದ ದಿನ ಆ ನೆರಳು ನೀಲಿಗೆ ತಿರುಗಿರುತ್ತದೆ. ಮಂಟಪದ ಒಳಗಿನ ಛಾವಣಿ ನೋಡಿ, ಅಲ್ಲಿ ಉಲ್ಟಾ. ಅದಕ್ಕೆ ಆಕಾಶ ಕಾಣುವುದೇ ಇಲ್ಲ, ಕಾಣುವುದು ಬಿಸಿಲು ಕುಡಿದ ಕಲ್ಲು ಚಪ್ಪಡಿ. ಹಾಗಾಗಿ ಅಲ್ಲಿನ ನೆರಳಿಗೆ ಜೇನಿನ ಛಾಯೆ. ಇನ್ನು ಹೊರಗೆ ಹೊಲದ ಪಕ್ಕದ ಸುಣ್ಣದ ಗೋಡೆ ಬರೆಯುವುದಾದರೆ ನಮ್ಮ ಕಡೆಯ ಕೆಮ್ಮಣ್ಣು ಗೋಡೆಯ ಬುಡದ ನೆರಳಿಗೂ ಕೆಂಪು ಎರಚುತ್ತದೆ. ಅಂದರೆ ಪ್ರತಿ ನೆರಳಿಗೂ ಬ್ರಷ್ ಇಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಿಸಿಲು ಬರದ ಈ ಜಾಗಕ್ಕೆ ಬೇರೆ ಎಲ್ಲಿಂದ ಬೆಳಕು ಬರುತ್ತಿದೆ?

ಇದು ನಿಮ್ಮ ಫೋಟೋದಲ್ಲಿ ಕಾಣಲಿಲ್ಲ, ಯಾಕೆಂದರೆ ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿಕೊಂಡ ಕ್ಯಾಮೆರಾ ನೆರಳನ್ನೆಲ್ಲ ಕಪ್ಪು ಮಾಡಿಬಿಡುತ್ತದೆ. ನೀವು ಬರೆದದ್ದು ದೇವಸ್ಥಾನವನ್ನಲ್ಲ, ಕ್ಯಾಮೆರಾದ ತಪ್ಪನ್ನು. ಮುಂದಿನ ಸಲ ಹೋದಾಗ ಪರದೆಯಲ್ಲಿ ನೆರಳಿನ ಮೇಲೆ ಬೆರಳಿಟ್ಟು ಇನ್ನೊಂದು ಫೋಟೋ ತೆಗೆಯಿರಿ, ಒಳಗಿನ ಬಣ್ಣ ಹೊರಗೆ ಬರುತ್ತದೆ. ಇನ್ನೂ ಒಳ್ಳೆಯದು ಮುಷ್ಟಿಯನ್ನು ಕೊಳವೆ ಥರ ಮಾಡಿ ಒಂದು ಕಣ್ಣಲ್ಲಿ ನೆರಳನ್ನಷ್ಟೇ ನೋಡುವುದು. ಸುತ್ತಲಿನ ಬಿಸಿಲು ಮರೆಯಾದ ತಕ್ಷಣ ಅದು ನೀಲಿಯೋ ಕಂದೋ ಗೊತ್ತಾಗುತ್ತದೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಬಣ್ಣ ಬೆರೆಸುವುದಕ್ಕೆ ಕರಿ ಶೀಶೆಯನ್ನು ಒಂದು ತಿಂಗಳು ಎತ್ತಿಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಅನ್ನುವ ಕಡು ಕಂದು ಬೆರೆಸಿ. ಹೆಚ್ಚುಕಡಿಮೆ ಕಪ್ಪೇ ಬರುತ್ತದೆ, ಆದರೆ ನೀಲಿ ಜಾಸ್ತಿ ಮಾಡಿದರೆ ತಣ್ಣನೆ ನೆರಳು, ಅಂಬರ್ ಜಾಸ್ತಿ ಮಾಡಿದರೆ ಬೆಚ್ಚನೆ ನೆರಳು. ಟ್ಯಾಬ್‌ನಲ್ಲಿ ನೀವು ಕಲರ್ ಪಿಕರ್‌ನ ಚುಕ್ಕೆಯನ್ನು ನೇರ ಕೆಳಗೆ ಎಳೆಯುತ್ತಿದ್ದೀರಿ, ಅದು ಕರಿ ಬೆರೆಸಿದ್ದಕ್ಕೆ ಸಮ. ಎಚ್‌ಎಸ್‌ಬಿ ಅಂಕಿಗಳನ್ನು ತೆರೆದುಕೊಳ್ಳಿ: ಹ್ಯೂ ಅಂದರೆ ಯಾವ ಬಣ್ಣ, ಸ್ಯಾಚುರೇಶನ್ ಅಂದರೆ ಅದು ಎಷ್ಟು ಗಾಢ, ಬ್ರೈಟ್‌ನೆಸ್ ಅಂದರೆ ಎಷ್ಟು ಬೆಳಕು. ಬಿಸಿಲಿನ ಕಲ್ಲು ಹ್ಯೂ 35, ಸ್ಯಾಚುರೇಶನ್ 15, ಬ್ರೈಟ್‌ನೆಸ್ 80 ಇದ್ದರೆ ನೆಲದ ಮೇಲಿನ ನೆರಳಿಗೆ 230, 20, 45 ಹಾಕಿ ನೋಡಿ. ಛಾವಣಿಗೆ 25, 35, 40. ಕೆಳಗಿನ ಬಣ್ಣವನ್ನು ಕಡು ಮಾಡುವ ಮಲ್ಟಿಪ್ಲೈ ಲೇಯರ್ ಬಳಸುವುದಾದರೂ ಬೂದು ಬೇಡ, ತಿಳಿ ನೇರಳೆ ಹಾಕಿ.

ಹಾಗಂತ ಕಪ್ಪು ಎಲ್ಲೂ ಬೇಡವೇ ಬೇಡ ಅಂತಲ್ಲ. ಕಂಬ ನೆಲಕ್ಕೆ ಕೂತ ಗೆರೆ, ಕೆತ್ತನೆಯ ಆಳದ ಸಂದು, ಅಂದರೆ ಯಾವ ಬೆಳಕೂ ತಲುಪದ ಕಡೆ ಸಣ್ಣ ಬ್ರಷ್‌ನಲ್ಲಿ ಒಂದೆಳೆ ಕೊಡಿ. ಹಿಂದಿನ ನಂದಿ ಬೆಟ್ಟಕ್ಕೆ ಮಾತ್ರ ಒಂದು ಚುಕ್ಕೆಯೂ ಬೇಡ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆ ಚಿತ್ರ ಬರೆಯುವವರ ಪಾಲಿಗೆ ಅಕ್ಷರಶಃ ನಿಜ, ನಡುವಿನ ಗಾಳಿ ಅಲ್ಲಿನ ಕಡುಬಣ್ಣಗಳನ್ನೆಲ್ಲ ತೆಳು ನೀಲಿ ಮಾಡಿಬಿಡುತ್ತದೆ.

ಇನ್ನೊಂದು, ನಿಮ್ಮ ನೆರಳಿನ ಅಂಚು ಉದ್ದಕ್ಕೂ ಬ್ಲೇಡಿನಲ್ಲಿ ಕತ್ತರಿಸಿದ ಹಾಗಿದೆ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಕಂಬದ ಬುಡದಲ್ಲಿ ಅಂಚು ಚೂಪಾಗಿರುತ್ತದೆ. ನೆರಳು ಮಾಡಿದ ಕಲ್ಲಿಗೂ ನೆರಳು ಬಿದ್ದ ನೆಲಕ್ಕೂ 10 ಅಡಿ ದೂರವಿದ್ದರೆ ಅಂಚು ಸುಮಾರು ಒಂದು ಇಂಚು ಮಬ್ಬಾಗುತ್ತದೆ. ಬುಡದಲ್ಲಿ ಒಣ ಬ್ರಷ್, ತುದಿಯಲ್ಲಿ ಒದ್ದೆ ಬ್ರಷ್.

ಪ್ರಶ್ನೆ: ತಿಪಟೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಜಾತ್ರೆ ಫ್ಲೆಕ್ಸ್‌ಗೆ ಮರೂನ್ ಹಿನ್ನೆಲೆ, ಹಳದಿ ಅಕ್ಷರ, ಕಪ್ಪು ಡ್ರಾಪ್ ಶ್ಯಾಡೋ ಹಾಕಿದ್ದೆ. ಮಾನಿಟರ್‌ನಲ್ಲಿ ಮಿಂಚುತ್ತಿತ್ತು. ಪ್ರಿಂಟ್ ಆಗಿ ಬಂದಾಗ ಮುಖಂಡರ ತಲೆಗೂದಲು, ಹಿನ್ನೆಲೆ, ಶ್ಯಾಡೋ ಎಲ್ಲ ಒಂದೇ ಮುದ್ದೆ. ಆರ್ಡರ್ ಕೊಟ್ಟ ಪಾರ್ಟಿ ದುಡ್ಡು ಕೊಡಲಿಲ್ಲ. ತಪ್ಪು ನನ್ನದೋ, ಮಷಿನ್‌ದೋ?

ಅರ್ಧ ನಿಮ್ಮದು. ಮಾನಿಟರ್ ತಾನೇ ಬೆಳಕು ಕೊಡುತ್ತದೆ, ಅದಕ್ಕೆ ಅಲ್ಲಿ ಕಡು ಮರೂನ್ ಬೇರೆ, ಕಪ್ಪು ಬೇರೆ ಅಂತ ಕಾಣುತ್ತದೆ. ಫ್ಲೆಕ್ಸ್ ಮೇಲಿರುವುದು ಇಂಕು, ಕತ್ತಲಿನ ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸವನ್ನೆಲ್ಲ ಅದು ನುಂಗಿಹಾಕುತ್ತದೆ. ನನ್ನ ಲೆಕ್ಕ ಇಷ್ಟೇ: ಎರಡು ಕಡುಬಣ್ಣಗಳ ಬ್ರೈಟ್‌ನೆಸ್ ನಡುವೆ 20 ಅಂಕವಾದರೂ ಅಂತರ ಇರಲಿ. ಫೈಲ್ ಕಳಿಸುವ ಮುಂಚೆ ಸಿಎಂವೈಕೆ (ಪ್ರಿಂಟಿನ ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂಕುಗಳ ಲೆಕ್ಕ) ಮಾಡಿಕೊಂಡು, ಮಾನಿಟರ್ ಬೆಳಕನ್ನು ಅರ್ಧಕ್ಕೆ ಇಳಿಸಿ, ಡಿಸೈನನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ. ಅಲ್ಲಿ ತಲೆಗೂದಲು ಕಾಣದಿದ್ದರೆ ಸರ್ಕಲ್‌ನಲ್ಲೂ ಕಾಣುವುದಿಲ್ಲ.

ಶ್ಯಾಡೋಗೆ ಸಾಫ್ಟ್‌ವೇರ್ ತಾನಾಗೇ ಕೊಡುವ ಕಪ್ಪು ಬೇಡ. ಹಿನ್ನೆಲೆಯ ಮರೂನನ್ನೇ ಐಡ್ರಾಪರ್‌ನಲ್ಲಿ ಎತ್ತಿ ಗಾಢ ಮಾಡಿ. ಅದಕ್ಕೆ ಜಾಗ ಸಿಗಬೇಕಾದರೆ ಹಿನ್ನೆಲೆ ಸ್ವಲ್ಪ ತಿಳಿಯಾಗಬೇಕು, ಆಗಲಿ. ಕೂದಲಿನ ಹಿಂದೆಯೂ ಮರೂನನ್ನು ಸ್ವಲ್ಪ ತಿಳಿ ಮಾಡಿ. ದೊಡ್ಡ ಕಪ್ಪು ಪಟ್ಟಿ ಹಾಕುವಾಗ ಬರೀ ಕೆ 100 ಕೊಟ್ಟರೆ ಬೂದಿಯಂತೆ ಕಾಣಬಹುದು, ಅದರ ಜೊತೆ ಸಿ 40, ಎಂ 30, ವೈ 30 ಸೇರಿಸಿ. ಆದರೆ ಲಗ್ನಪತ್ರಿಕೆಯ ಸಣ್ಣ ಅಕ್ಷರಕ್ಕೆ ಈ ಬೆರಕೆ ಬೇಡ. ಆಫ್‌ಸೆಟ್‌ನಲ್ಲಿ ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಕಾಣುತ್ತದೆ. ಅಲ್ಲಿ ಬರೀ ಕೆ.

ಮುಖಗಳ ಬಗ್ಗೆಯೂ ಒಂದು ಮಾತು. ಎಂಟು ಜನರ ಫೋಟೋ ಹಾಕಿದ್ದೀರಿ. ಒಬ್ಬರಿಗೆ ಎಡದಿಂದ ಬೆಳಕು, ಒಬ್ಬರಿಗೆ ಬಲದಿಂದ, ಒಬ್ಬರಿಗೆ ಫ್ಲ್ಯಾಶ್. ಒಂದು ಫ್ಲೆಕ್ಸ್‌ಗೆ ಎಂಟು ಸೂರ್ಯರು! ಕೆಲವನ್ನು ಫ್ಲಿಪ್ ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ, ಷರಟಿನ ಜೇಬು ಬಲಕ್ಕೆ ಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯ ದರ ತೋರಿಸುವ ಸಣ್ಣ ಆ್ಯಪ್ ಮಾಡುತ್ತಿದ್ದೇವೆ. ಡಾರ್ಕ್ ಮೋಡ್‌ಗೆ ಪೂರ್ತಿ ಕಪ್ಪು ಹಾಕಬಹುದಾ?

ಹಾಕಬಹುದು. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಪರದೆಯಲ್ಲಿ ಪೂರ್ತಿ ಕಪ್ಪು ಅಂದರೆ ಆ ಪಿಕ್ಸೆಲ್ ಆರಿಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ. ಆದರೆ ಕಪ್ಪಿನ ಮೇಲೆ ನೆರಳು ಬೀಳುವುದು ಹೇಗೆ? ಬಟನ್, ಕಾರ್ಡ್ ಎದ್ದು ಕಾಣುವುದಿಲ್ಲ. ಆ್ಯಪ್ ವಿನ್ಯಾಸಕ್ಕೆ ಗೂಗಲ್ ಕೊಟ್ಟ ಮೆಟೀರಿಯಲ್ ಡಿಸೈನ್ ಸೂಚನೆಗಳು 2019ರಲ್ಲಿ ಹೇಳಿದ್ದು #121212 ಅನ್ನುವ ಕೋಡಿನ ಕಡು ಬೂದು. ಅಲ್ಲಿ ನೆರಳಿನ ಬದಲು, ಮೇಲೆ ಬಂದ ಕಾರ್ಡನ್ನು ಸ್ವಲ್ಪ ತಿಳಿ ಮಾಡುತ್ತಾರೆ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದರೂ ಕಾಂಟ್ರಾಸ್ಟ್ ಇರಲಿ, ಹಾಗಂತ ಅಚ್ಚ ಬಿಳಿ ಬೇಡ. ಕಡು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ದಪ್ಪ ಕಾಣುತ್ತದೆ, ಕನ್ನಡದ ಒತ್ತಕ್ಷರಗಳ ಸಂದಿ ಮುಚ್ಚಿಹೋಗುತ್ತದೆ. ಬೋಲ್ಡ್ ಬಿಟ್ಟು ಸಾದಾ ಫಾಂಟ್ ಹಾಕಿ, ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ. ಮಂಡಿಯ ಬಯಲಲ್ಲಿ ಬಿಸಿಲು ಏರಿದ ಮೇಲೆ ಡಾರ್ಕ್ ಮೋಡ್ ಪರದೆಯಲ್ಲಿ ದರ ಕಾಣುವುದಿಲ್ಲ, ರೈತರ ಮುಖವೇ ಕಾಣುತ್ತದೆ. ಲೈಟ್ ಮೋಡ್‌ಗೆ ಹೋಗುವ ಬಟನ್ ಕೈಗೆ ಸಿಗುವ ಹಾಗೆ ಮೇಲೇ ಇಡಿ.