ಪೆನ್ನು, ಹಾಳೆ ಮಾತ್ರ ಇದ್ದರೆ ಇಬ್ಬರು ಯಾವ ಆಟ ಆಡಬಹುದು?

ಚುಕ್ಕಿ ಆಟ ಆಡಿ. ಸಾಲಿಗೆ 5ರಂತೆ 5 ಸಾಲು ಚುಕ್ಕಿ ಇಡಿ. ಒಬ್ಬರಾದ ಮೇಲೆ ಒಬ್ಬರು ಪಕ್ಕಪಕ್ಕದ ಎರಡು ಚುಕ್ಕಿಗೆ ಗೆರೆ ಎಳೆಯಬೇಕು, ಓರೆಯಾಗಿ ಎಳೆಯುವಂತಿಲ್ಲ. ಚೌಕದ ನಾಲ್ಕನೇ ಗೆರೆ ಎಳೆದವರು ಅದರೊಳಗೆ ತಮ್ಮ ಹೆಸರಿನ ಮೊದಲಕ್ಷರ ಬರೆದು, ಮತ್ತೊಂದು ಗೆರೆ ಎಳೆಯಬೇಕು. 16 ಚೌಕದಲ್ಲಿ ಜಾಸ್ತಿ ಯಾರದೋ ಅವರೇ ಗೆದ್ದರು.

ಸುಮ್ನೆ ಮಕ್ಕಳಾಟ ಅನ್ನಿಸುತ್ತೆ, ಅಲ್ವಾ? ಫ್ರಾನ್ಸಿನ ಗಣಿತಜ್ಞ ಎಡ್ವಾರ್ ಲ್ಯೂಕಾ 1889ರಲ್ಲೇ ಇದನ್ನು ಪ್ರಕಟಿಸಿದ್ದರು. ಇದರಲ್ಲೊಂದು ಸೊಗಸಾದ ಪಟ್ಟು ಇದೆ. ಒಂದರ ಪಕ್ಕ ಒಂದು ನಾಲ್ಕೈದು ಚೌಕ ಸಿಗುವಂತಿದ್ದರೆ ಎಲ್ಲವನ್ನೂ ಬಾಚಿಕೊಳ್ಳಬೇಡಿ. ಕೊನೆಯ ಎರಡನ್ನು ಬಿಟ್ಟು, ಅವುಗಳ ಆಚೆ ತುದಿಯ ಗೆರೆ ಎಳೆದುಬಿಡಿ. ಎದುರಿನವರು ಆ ಎರಡನ್ನೂ ಒಂದೇ ಗೆರೆಯಲ್ಲಿ ಪಡೆಯುತ್ತಾರೆ, ಆದರೆ ಮತ್ತೆ ಗೆರೆ ಎಳೆಯಲೇಬೇಕಲ್ಲ! ಉಳಿದಿರುವುದೆಲ್ಲ ಉದ್ದ ಸಾಲುಗಳೇ ಆಗಿದ್ದರೆ ಮುಂದಿನ ಸಾಲು ನಿಮ್ಮದೇ.