ಚಪ್ಪಾಳೆ ನಿಂತ ಮೇಲೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ತುಂಬಿದ ಸಭಾಂಗಣದಲ್ಲಿ ಒಂದು ಗಂಟೆ ಸಲೀಸಾಗಿ ಮಾತಾಡುವವರೊಬ್ಬರು ನನ್ನ ಹತ್ತಿರ ಬಂದಿದ್ದರು. ಅವರ ತೊಂದರೆ ಭಾಷಣದ್ದಲ್ಲ, ಅದು ಮುಗಿದ ಮೇಲಿನದು. ಯಾರಾದರೂ ಮಾತಾಡಿಸಲು ಬರುತ್ತಿದ್ದಾರೆ ಅನ್ನಿಸಿದರೆ ಸಾಕು, ಫೋನ್ ಕಿವಿಗಿಟ್ಟುಕೊಂಡು ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಆರು ವರ್ಷದಿಂದ ಹೀಗೇ. ಒಮ್ಮೆ ಕರೆದವರು ಮತ್ತೆ ಕರೆಯುವುದಿಲ್ಲ ಅನ್ನುವುದು ಅವರ ಕೊರಗು.

"ಅಲ್ಲಿ ನಿಂತರೆ ಮುಂದಿನ ಅವಕಾಶಕ್ಕೆ ಕೈಚಾಚಿದ ಹಾಗಾಗುತ್ತೆ ಮೇಡಂ" ಎಂದರು. ಕೆದಕಿದಾಗ ಇನ್ನೊಂದು ಭಯ ಹೊರಬಂತು. ಹತ್ತಿರದಿಂದ ನೋಡಿ 'ಇವರು ಇಷ್ಟೇನಾ' ಅಂದುಕೊಂಡರೆ?

ಈ ಭಯ ಅವರೊಬ್ಬರದಲ್ಲ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸಬರ ಜೊತೆ ಮಾತಾಡಿದ ಜನ ತಾವು ಎದುರಿನವರಿಗೆ ನಿಜಕ್ಕೂ ಹಿಡಿಸಿದ್ದಕ್ಕಿಂತ ಕಡಿಮೆ ಹಿಡಿಸಿದೆವು ಅಂದುಕೊಂಡಿದ್ದರು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಅಂದ್ರೆ ಅವರ ತೀರ್ಪನ್ನೂ ನಾನೇ ಬರ್ಕೊಂಡಿದೀನಿ, ಅಲ್ವಾ?"

ಐದು ನಿಮಿಷದ ಪರಿಚಯದಿಂದ ಏನಾಗುತ್ತೆ ಎಂದೂ ಕೇಳಿದರು. ಆಗುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು: ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟವರು ದಿನಾ ಸಿಗುವ ಆಪ್ತರಲ್ಲ, ಯಾವಾಗಲಾದರೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರು. ನಮ್ಮ ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಲೋಕದ ಸುದ್ದಿ ತರುತ್ತಾರೆ.

ನಾನು ಮೊದಲು ಹೇಳಿದ್ದು, ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಎಂದು. ಆಗ ಯಾರೂ ನಿಮ್ಮನ್ನು ಅಳೆಯುತ್ತಿರುವುದಿಲ್ಲ, ಅದಕ್ಕೇ ಮಾತು ಸುಲಭ. ಇಬ್ಬರು ಮೂವರ ಹತ್ತಿರ ಹೋಗಿ 'ಈ ವಿಷಯದಲ್ಲಿ ನಿಮಗೆ ಎಲ್ಲಿ ತೊಡಕಾಗ್ತಿದೆ' ಅಂತ ಕೇಳಿ, ಅವರು ಒಪ್ಪಿದರೆ ಆ ಮಾತನ್ನೇ ಭಾಷಣದಲ್ಲಿ ತನ್ನಿ, ಮುಗಿದ ಮೇಲೆ ಅವರೇ ಹುಡುಕಿಕೊಂಡು ಬರುತ್ತಾರೆ. ನನ್ನ ಪ್ರಕಾರ ಇದೊಂದೇ ಅರ್ಧ ಕೆಲಸ ಮಾಡುತ್ತದೆ.

ಆಮೇಲೆ ವೇದಿಕೆಯಿಂದ ಕೆಳಗಿಳಿದು ಇಪ್ಪತ್ತು ನಿಮಿಷ ನಿಲ್ಲಿ. ಗಡಿ ಇದ್ದರೆ ಮನಸ್ಸು ಒಪ್ಪುತ್ತದೆ. ಕಾರ್ಡ್ ಹಂಚುವುದು ಬೇಡ. ಮಾತಾಡಿದವರ ಹೆಸರು, ಅವರು ಹೇಳಿದ ಒಂದು ಸಂಗತಿ ಬರೆದುಕೊಳ್ಳಿ, ಎರಡು ದಿನದೊಳಗೆ ಅದರ ಬಗ್ಗೆಯೇ ನಾಲ್ಕು ಸಾಲು ಕಳಿಸಿ. ಅದರಲ್ಲಿ ಏನನ್ನೂ ಕೇಳಬೇಡಿ. ಕರೆದ ಸಂಘಟಕರಿಗೆ ಮಾತ್ರ ನೇರವಾಗಿ ಕೇಳಿ: ಯಾವ ಭಾಗ ಉಪಯೋಗಕ್ಕೆ ಬಂತು, ಯಾವುದು ಜಾಸ್ತಿಯಾಯಿತು?

ಎರಡು ತಿಂಗಳ ನಂತರ ಬಂದರು. ಮೊದಲ ಸಲ ಎಂಟೇ ನಿಮಿಷ ನಿಂತರಂತೆ, ಮೂರನೇ ಸಲ ಸಭಾಂಗಣದ ಬಾಗಿಲು ಹಾಕುವವರು ಬಂದು ಕೇಳುವವರೆಗೂ ಇದ್ದರಂತೆ. ಹಿಂದೆ ಕರೆದಿದ್ದ ಸಂಘಟಕರಿಂದ ಮರುಕರೆ ಇನ್ನೂ ಬಂದಿಲ್ಲ. ಅವರಿಗೆ ಬರೆಯಬೇಕಾದ ಪತ್ರವನ್ನು ಮುಂದಿನ ಭೇಟಿಯಲ್ಲಿ ಕೂತು ಬರೆಯುತ್ತೇವೆ.